ಎಂಟು ಮೀಟರ್ ದೂರ ನಿಂತು ನೋಡಿ

ಮೂಡಿಗೆರೆಯಲ್ಲಿ ಪಿಯು ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಮ್ಮ ಬೆಳ್ತಂಗಡಿಯಲ್ಲಿ ಒಬ್ಬರೇ ಇದ್ದಾರೆ. ಶನಿವಾರ ತರಗತಿ ಮುಗಿಸಿ, ಕೊಟ್ಟಿಗೆಹಾರದಲ್ಲಿ ಒಂದು ಕಾಫಿ ಕುಡಿದು, ಚಾರ್ಮಾಡಿ ಇಳಿಯುವುದು ಎಂಟು ವರ್ಷದ ರೂಢಿ. ಮಳೆಗಾಲದಲ್ಲಿ ಸಂಜೆ ಐದಕ್ಕೆಲ್ಲ ಅಲ್ಲಿ ಮಂಜು ರಸ್ತೆಯ ಮೇಲೆ ಕೂತುಬಿಟ್ಟಿರುತ್ತದೆ.

ಹೋದ ವರ್ಷ ಜೂನಿನಲ್ಲಿ ನನ್ನ ಹಳೆಯ ವ್ಯಾಗನ್ ಆರ್‌ನ ಬಲಗಡೆ ಹೆಡ್‌ಲೈಟ್ ಬಲ್ಬ್ ಸುಟ್ಟುಹೋಯಿತು. ಬಿಡಿಭಾಗದ ಅಂಗಡಿಯಾತ "ಘಾಟಿ ಇಳಿಯೋರಿಗೆ ಇದೇ ಬೇಕು ಮೇಡಂ" ಎಂದು ಬೆಳ್ಳನೆಯ ಎಲ್‌ಇಡಿ ಜೋಡಿ ಹಾಕಿಕೊಟ್ಟ. 2,200 ರೂಪಾಯಿ. ಅಂಗಡಿಯೆದುರಿನ ಗೋಡೆಯ ಮೇಲೆ ಹಗಲಾದಂತೆ ಕಂಡಿತು, ಸಂತೋಷದಿಂದಲೇ ದುಡ್ಡು ಕೊಟ್ಟೆ. ಮುಂದಿನ ಶನಿವಾರ ಘಾಟಿಯ ಮಂಜಿನಲ್ಲಿ ಅದೇ ಬೆಳಕು ಗಾಜಿನ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗೆ ನಿಂತಿತು. ಎಡಬದಿಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಹೆಂಗಸು ನನಗೆ ಕಂಡದ್ದು ಬಾನೆಟ್ಟಿನ ಮೂಲೆಗೆ ಬಂದ ಮೇಲೆ. ಬ್ರೇಕ್ ಹಿಡಿಯಿತು, ಏನೂ ಆಗಲಿಲ್ಲ. ಆಕೆ ಒಮ್ಮೆ ತಿರುಗಿ ನೋಡಿದರು, ಒಂದು ಮಾತೂ ಆಡದೆ ನಡೆದರು. ಆ ನೋಟ ಇವತ್ತಿಗೂ ನನ್ನ ಜೊತೆ ಇದೆ.

ಮರುದಿನ ಉಜಿರೆಯಲ್ಲಿ ಗುರುತಿನ ಎಲೆಕ್ಟ್ರಿಷಿಯನ್ ಹತ್ತಿರ ಗಾಡಿ ಒಯ್ದೆ. ಬಾನೆಟ್ ಎತ್ತಿದವರೇ, "ಇದು ಬೆಳಕು ಜಾಸ್ತಿ ಆದದ್ದಲ್ಲ ಮೇಡಂ, ಬೆಳಕು ಚೆಲ್ಲಿದ್ದು" ಎಂದರು. ಹೊಸ ಎಚ್4 ಹ್ಯಾಲೊಜನ್ ಬಲ್ಬೊಂದನ್ನು ಗಾಜು ಮುಟ್ಟದೆ ಬುಡದಲ್ಲಿ ಹಿಡಿದು ತೋರಿಸಿದರು. ಒಳಗೆ ಎರಡು ತಂತಿ. ಡಿಮ್‌ನ ತಂತಿಯ ಕೆಳಗೆ ಅರ್ಧಚಂದ್ರದ ಹಾಗೆ ಪುಟ್ಟ ಲೋಹದ ಬಟ್ಟಲು. ಬ್ರೈಟ್‌ನ ತಂತಿ ಪ್ರತಿಫಲಕದ ನಾಭಿಯಲ್ಲಿ ಕೂರುತ್ತದೆ. ಡಿಮ್‌ನದು ನಾಭಿಗಿಂತ ಸ್ವಲ್ಪ ಮುಂದೆ. ಕೆಳಗೆ ಹೋಗುವ ಬೆಳಕನ್ನು ಬಟ್ಟಲು ತಡೆಯುವುದರಿಂದ ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯತ್ತ ಬಾಗಿ ಇಳಿಯುತ್ತದೆ. ಎದುರು ಬರುವವರ ಕಣ್ಣಿಗೆ ಹೋಗುವುದಿಲ್ಲ. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಆ ಬೆಳಕಿನ ಅಂಚು ಎಡಕ್ಕೆ ಮಾತ್ರ ತುಸು ಏರುವಂತೆ ಮಾಡಿರುತ್ತಾರೆ. ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಡೆಯುವವರು ಕಾಣಲಿ ಎಂದೇ ಆ ಏರು.

ನಾಭಿ, ನಿಮ್ನ ದರ್ಪಣ ಎಲ್ಲವನ್ನೂ ವರ್ಷವರ್ಷ ಕಪ್ಪು ಹಲಗೆಯ ಮೇಲೆ ಬರೆಯುವವಳು ನಾನು. ನನ್ನ ಕಾರಿನ ಮೂತಿಯಲ್ಲೇ ಆ ಪಾಠ ಇತ್ತು. ತಂತಿ ಮಿಲಿಮೀಟರ್ ಲೆಕ್ಕದಲ್ಲಿ ಎಲ್ಲಿರಬೇಕೋ ಅಲ್ಲಿಯೇ ಇರಬೇಕು. ನನಗೆ ಹಾಕಿಕೊಟ್ಟ ಎಲ್‌ಇಡಿಯಲ್ಲಿ ತೆಳು ಪಟ್ಟಿಯ ಎರಡು ಬದಿಗೆ ಚಿಪ್‌ಗಳು. ತಂತಿ ಸುತ್ತಲೂ ಬೆಳಗುತ್ತದೆ, ಅವು ಹಾಗೆ ಬೆಳಗುವುದಿಲ್ಲ. ಹ್ಯಾಲೊಜನ್‌ಗೆಂದು ಎರಕ ಹೊಯ್ದ ಪ್ರತಿಫಲಕ ಆ ಬೆಳಕನ್ನು ಕಂಡಕಂಡ ಕಡೆಗೆ ಎರಚುತ್ತದೆ. ಕಂಪನಿಯೇ ಎಲ್‌ಇಡಿಗೆಂದು ಕೂರಿಸಿ ಕೊಟ್ಟ ದೀಪದ ಮಾತು ಬೇರೆ, ಅದರ ಮೇಲೆ ನನ್ನ ತಕರಾರಿಲ್ಲ.

ಎರಡು ಹ್ಯಾಲೊಜನ್ ಬಲ್ಬ್, 60/55 ವಾಟ್, ಎರಡೂ ಸೇರಿ 400 ರೂಪಾಯಿಯೊಳಗೆ ಆಯಿತು. ಒಂದು ಸುಟ್ಟರೆ ಎರಡನ್ನೂ ಬದಲಿಸುವುದು ಒಳ್ಳೆಯದು, ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಗಾಜಿಗೆ ಬೆರಳು ತಾಗಿದರೆ ಕೈಯ ಎಣ್ಣೆಯಂಶ ಅಂಟಿ, ಅಷ್ಟು ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಮಂಕಾದ ಮೇಲುಗವಸನ್ನೂ ಅವರು ಉಜ್ಜಿ ಪಾಲಿಶ್ ಮಾಡಿಕೊಟ್ಟರು. ಬಿಸಿಲಿಗೆ ಹಳದಿಗಟ್ಟಿದ ಆ ಪ್ಲಾಸ್ಟಿಕ್ಕೇ ಅರ್ಧ ಬೆಳಕು ನುಂಗುತ್ತಿತ್ತೆಂದು ಆಮೇಲೆ ತಿಳಿಯಿತು. ಎಷ್ಟೋ ಜನ ದೂರುವ ಬಲ್ಬಿನಲ್ಲಿ ದೋಷವೇ ಇರುವುದಿಲ್ಲ.

100/90 ವಾಟ್ ಬಲ್ಬ್ ಹಾಕಿಸಿ ಎಂದು ಹೇಳುವವರೂ ಇದ್ದಾರೆ. ಲೆಕ್ಕ ಹಾಕಿ. 12 ವೋಲ್ಟಿನಲ್ಲಿ 60 ವಾಟಿಗೆ 5 ಆಂಪಿಯರ್, 100 ವಾಟಿಗೆ 8ಕ್ಕೂ ಮಿಕ್ಕಿ. ವೈರಿನ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೋಲ್ಡರ್, ವೈರು ಮೂರು ಪಟ್ಟಿನ ಹತ್ತಿರ ಕಾಯುತ್ತವೆ. ಬೇರೆ ರಿಲೇ, ದಪ್ಪ ವೈರು ಎಳೆದರೆ ವೈರು ಉಳಿದೀತು, ಪ್ರತಿಫಲಕ ಉಳಿಯುವುದಿಲ್ಲ.

ಫಾಗ್ ಲೈಟಿನ ಕಥೆ ಇನ್ನೂ ಬೇಸರದ್ದು. ಎಚ್8, ಎಚ್11, ಎಚ್16 ಬಲ್ಬುಗಳು ನೋಡಲು ಅಣ್ಣತಮ್ಮಂದಿರಂತೆ. ಮೊದಲನೆಯದು 35 ವಾಟ್, ಎರಡನೆಯದು 55, ಮೂರನೆಯದು ಬರೀ 19. ಅದಲುಬದಲಾಗದಿರಲೆಂದೇ ಬುಡದ ಕಿವಿಗಳನ್ನು ಬೇರೆಬೇರೆ ಆಕಾರದಲ್ಲಿ ಮಾಡಿದ್ದಾರೆ. ಆ ಕಿವಿಯನ್ನು ಬ್ಲೇಡಿನಲ್ಲಿ ಕೆತ್ತಿ 55 ವಾಟಿನದನ್ನು ಸಣ್ಣ ದೀಪದೊಳಗೆ ತುರುಕುವುದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಬಲ್ಬಿನ ಬುಡದಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಕೇಳಿ ತನ್ನಿ.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಬಲವಾಗಿದೆ. ಫ್ರಾನ್ಸಿನಲ್ಲಿ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿಯಾಗಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಬಣ್ಣ ನೋಡಿ ಚದುರಿಸುವುದಿಲ್ಲ. ಹಳದಿ ಕಣ್ಣಿಗೆ ಹಿತ ಅನ್ನಿಸಿದರೆ ಹಾಕಿಕೊಳ್ಳಿ. ಮಂಜಿನಲ್ಲಿ ಕೆಲಸಕ್ಕೆ ಬರುವುದು ದೀಪ ತಗ್ಗಿನಲ್ಲಿರುವುದು, ಬೆಳಕು ಅಗಲವಾಗಿ ಚಪ್ಪಟೆಯಾಗಿ ನೆಲಕ್ಕೆ ಹರಡುವುದು.

ನಮ್ಮ ಪೊಲೀಸರು 2024ರ ಜುಲೈಯಿಂದ ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕತೊಡಗಿದಾಗ ನನಗೆ ಸಮಾಧಾನವಾಗಿತ್ತು. ಆದರೆ ದಂಡ ಕಟ್ಟುವವರು ಓಡಿಸುವವರು ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಮ್ಮೂರ ಬಸ್‌ಸ್ಟ್ಯಾಂಡಿನವರೆಗೆ ಅದೇ ಬಲ್ಬುಗಳು ರಾಜಾರೋಷವಾಗಿ ಮಾರಾಟಕ್ಕಿವೆ. ಹ್ಯಾಲೊಜನ್ ದೀಪದೊಳಗೆ ಇವನ್ನು ಕೂರಿಸಿಕೊಡುವ ಅಂಗಡಿಯನ್ನೂ ಹೊಣೆ ಮಾಡಬೇಕು. ಅದಾಗುವವರೆಗೆ ಇದು ತೋರಿಕೆಯ ಕ್ರಮ ಎಂದೇ ನಾನು ಹೇಳುತ್ತೇನೆ.

ಕೇಂದ್ರ ಮೋಟಾರು ವಾಹನ ನಿಯಮ 1989ರ 106ನೆಯ ನಿಯಮದಲ್ಲಿ ಒಂದು ಅಳತೆ ಇದೆ. ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಇವತ್ತು ರಾತ್ರಿ ಮನೆಯಂಗಳದಲ್ಲಿ ಡಿಮ್ ಹಾಕಿ, ಹತ್ತು ಹನ್ನೆರಡು ಹೆಜ್ಜೆ ಹೋಗಿ, ತುಸು ಬಗ್ಗಿ ನಿಮ್ಮ ಕಾರನ್ನು ನೀವೇ ನೋಡಿ. ಕಣ್ಣು ಮುಚ್ಚಬೇಕು ಅನ್ನಿಸಿದರೆ ನಾಳೆಯೇ ಆ ಬಲ್ಬ್ ಬಿಚ್ಚಿಸಿಬಿಡಿ.