ಆಟಕ್ಕೂ ಗೇಣಿಯೇ?

ಕಳೆದ ವಾರ ನಮ್ಮ ಕಚೇರಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇವೆ. ನಮ್ಮ ಹಿರಿಯ ಕಾರ್ಯಕರ್ತರೊಬ್ಬರ ಅಕ್ಕನ ಮಗ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು, ಹಬ್ಬಕ್ಕೆ ಊರಿಗೆ ಬಂದಿದ್ದ. ಮಾವನನ್ನು ಹುಡುಕಿಕೊಂಡು ಕಚೇರಿಗೂ ಬಂದ. ಅವನ ಚೀಲದಲ್ಲಿ ಶಾಲೆಯ ಸ್ಲೇಟಿಗಿಂತ ಸಣ್ಣದಾದ, ಎರಡು ಬದಿಗೂ ಹಿಡಿಯಿದ್ದ ಒಂದು ಯಂತ್ರವಿತ್ತು. ಸಭೆಗೆ ಬರಬೇಕಾದವರು ಎಂದಿನಂತೆ ತಡಮಾಡಿದ್ದರಿಂದ (ಇದು ನಮ್ಮ ಪಕ್ಷದ ಹಳೆಯ ಸಂಪ್ರದಾಯ) ನಾವೆಲ್ಲ ಅದರ ಸುತ್ತ ಕುಳಿತೆವು.

ಇದಕ್ಕೆ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ಎನ್ನುತ್ತಾರೆ. ಆಸುಸ್ ಕಂಪನಿಯ ಆರ್‌ಒಜಿ ಅಲೈ, ಲೆನೊವೊದ ಲೀಜನ್ ಗೋ ಈ ಜಾತಿಯವು. ಅಲೈ 2023ರಲ್ಲಿ ನಮ್ಮ ದೇಶದ ಪೇಟೆಗೆ ಬಂದಾಗ ಅದರ ಬೆಲೆ ಹತ್ತಿರ ಹತ್ತಿರ 70,000 ರೂಪಾಯಿ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸದ ದಿನಗೂಲಿ 370 ರೂಪಾಯಿ ಇತ್ತು. ಅಂದರೆ 189 ದಿನಗಳ ಕೂಲಿ. ಕಾನೂನು ಆಗ ಖಾತರಿ ಕೊಟ್ಟಿದ್ದಾದರೋ ವರ್ಷಕ್ಕೆ 100 ದಿನ. ಇಂಥ ಶ್ರೀಮಂತರ ಆಟಿಕೆಗೆ ನಮ್ಮ ಪತ್ರಿಕೆಯಲ್ಲಿ ಜಾಗವೇಕೆ ಎಂದು ಓದುಗ ಮಿತ್ರರು ಕೇಳಬಹುದು. ಕೇಳಲೇಬೇಕು. ಅದೇ ಪ್ರಶ್ನೆ ನಮ್ಮ ಬಾಯಿಗೂ ಬಂದಿತ್ತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ, ನಾವು ಮಾತಾಡುತ್ತಿರುವುದು ಆಟಿಕೆಯ ವಿಷಯವಲ್ಲ, ಒಡೆತನದ ವಿಷಯ ಎಂದು ತಿಳಿಯಿತು.

ಮೊದಲು ಯಂತ್ರದ ಗುಣ. ಆಟಕ್ಕೆಂದೇ ಮಾಡಿದ ಪೆಟ್ಟಿಗೆಗಳಲ್ಲಿ, ಅಂದರೆ ಸೋನಿ, ನಿಂಟೆಂಡೊ ಮೊದಲಾದವರ ಕನ್ಸೋಲುಗಳಲ್ಲಿ, ಕಂಪನಿ ಒಪ್ಪಿದ ಆಟ ಮಾತ್ರ ನಡೆಯುತ್ತದೆ. ಈ ಹ್ಯಾಂಡ್‌ಹೆಲ್ಡಿನೊಳಗೆ ಇರುವುದು ಕಚೇರಿಗಳ ಕಂಪ್ಯೂಟರಿನಲ್ಲಿರುವ ಅದೇ ವಿಂಡೋಸ್. ಮೇಜಿಗೆಂದು ಮಾಡಿದ್ದನ್ನು ಏಳು ಅಂಗುಲದ ಗಾಜಿಗೆ ತಂದದ್ದು, ದೊಡ್ಡವರ ಅಂಗಿಯನ್ನು ಕೂಸಿಗೆ ತೊಡಿಸಿದ ಹಾಗೆ. ಭಾರಿ ಹೊಸ ಆಟ ಹಾಕಿದರೆ ಇಂಥ ಯಂತ್ರಗಳ ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ಆದರೆ ಬಾಗಿಲಿಗೆ ಬೀಗವಿಲ್ಲ. ಕೊಂಡವನು ತನಗೆ ಬೇಕಾದ ಪ್ರೋಗ್ರಾಂ ಹಾಕಿಕೊಳ್ಳಬಹುದು. ವಿಂಡೋಸೇ ಬೇಡವೆಂದರೆ ಕಿತ್ತುಹಾಕಿ ಲಿನಕ್ಸ್ ಇಡಬಹುದು.

ಆ ಯುವಕ ಹಾಕಿಕೊಂಡಿದ್ದು ಎಮ್ಯುಲೇಟರ್. ಹಗಲು ಉಳುವ ರೈತ ರಾತ್ರಿ ಬಯಲಾಟದಲ್ಲಿ ಬಣ್ಣ ಹಚ್ಚಿ ರಾವಣನಾಗುವಂತೆ, ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಕಟ್ಟುವ ಪ್ರೋಗ್ರಾಂ ಇದು. ಹಳೆಯ ಆಟ ತಾನು ಹಳೆಯ ಪೆಟ್ಟಿಗೆಯಲ್ಲೇ ಇದ್ದೇನೆಂದು ನಂಬಿ ನಡೆಯುತ್ತದೆ. ಇಟಲಿಯ ನಿಕೋಲಾ ಸಾಲ್ಮೋರಿಯಾ ಅಂಗಡಿ ಬೀದಿಯ ಹಳೆಯ ಆಟಯಂತ್ರಗಳಿಗಾಗಿ ಮೇಮ್ ಎಂಬುದನ್ನು 1997ರಲ್ಲಿ ಹೊರತಂದರು. ನಿಂಟೆಂಡೊ ಗೇಮ್‌ಕ್ಯೂಬಿಗೆ ಡಾಲ್ಫಿನ್, ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2 ಇವೆ. ಇವನ್ನು ಮಾಡಿದವರು ಬಹುಪಾಲು ಸ್ವಯಂಸೇವಕರು. ಬರೆದ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇಪ್ಪತ್ತು ಇಪ್ಪತ್ತೈದು ವರ್ಷ ಕೂಲಿಯಿಲ್ಲದೆ ನಡೆದಿರುವ ಇಂಥ ಕೂಡುದುಡಿಮೆ ನಮ್ಮ ಎಷ್ಟು ಸಹಕಾರ ಸಂಘಗಳಲ್ಲಿ ನಡೆದಿದೆ?

ಯುವಕ ತನ್ನ ಹಳೆಯ ಪ್ಲೇಸ್ಟೇಷನ್ 2ರ ಡಿಸ್ಕುಗಳನ್ನು ತಾನೇ ಪ್ರತಿಮಾಡಿಟ್ಟುಕೊಂಡಿದ್ದ. ಆ ಪೆಟ್ಟಿಗೆಯ ತಯಾರಿಕೆ 2013ರ ಹೊತ್ತಿಗೆ ನಿಂತುಹೋಯಿತು. "ಮಾವ, ಇದನ್ನು ನೀವು ಆಡಬಲ್ಲಿರಿ" ಎಂದು ಅವನು ತೆರೆದದ್ದು 'ದೇಸಿ ಅಡ್ಡಾ' ಎಂಬ ಆಟ. ಹೈದರಾಬಾದಿನ ಗೇಮ್‌ಶಾಸ್ತ್ರದವರು ಮಾಡಿದ್ದು, 2009ರಲ್ಲಿ ಬಂದದ್ದು. ಅದರಲ್ಲಿ ಕಬಡ್ಡಿ ಇದೆ, ಗಾಳಿಪಟ ಇದೆ, ಚಿನ್ನಿ ದಾಂಡು ಇದೆ! ನಮ್ಮ ಹಿರಿಯ ಮಿತ್ರರು ಕನ್ನಡಕ ಸರಿಮಾಡಿಕೊಂಡು ಹತ್ತು ನಿಮಿಷ ಚಿನ್ನಿ ಹೊಡೆದರು. ಹೊಡೆದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಆಮೇಲೆ ತಿಂಗಳ ಬಾಡಿಗೆಗೆ ಆಟ ಕೊಡುವ ಒಂದು ಕಂಪನಿಯ ಪಟ್ಟಿಯಲ್ಲಿ ಈ ಆಟವನ್ನು ಹುಡುಕಿದೆವು, ಸಿಗಲಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಲಾಭ ತಾರದ್ದನ್ನು ಬಂಡವಾಳಗಾರ ಕಾಪಾಡುವುದಿಲ್ಲ. ಕಾಪಾಡುವವರನ್ನು ಮಾತ್ರ ಕೋರ್ಟಿಗೆ ಎಳೆಯುತ್ತಾನೆ.

ಇದು ಕಳ್ಳತನವಲ್ಲವೇ ಎಂಬ ಪ್ರಶ್ನೆಗೆ ನಾವು ಮುಖ ತಿರುಗಿಸುವುದಿಲ್ಲ. ಕೊಳ್ಳದ ಆಟವನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಆದರೆ ಎಮ್ಯುಲೇಟರ್ ಮಾಡುವುದೇ ಅಪರಾಧವೆಂಬುದು ಸುಳ್ಳು. ಸೋನಿ ಕಂಪನಿ ಕನೆಕ್ಟಿಕ್ಸ್ ಎಂಬವರ ಮೇಲೆ ಹೂಡಿದ್ದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಎಮ್ಯುಲೇಟರ್ ಮಾಡಿದವರ ಪರವಾಗಿ ತೀರ್ಪಿತ್ತಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಕೂಡ, ನ್ಯಾಯವಾಗಿ ಕೊಂಡ ಪ್ರೋಗ್ರಾಮು ಹಾಳಾದೀತೆಂದು ಒಂದು ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಹೀಗಿದ್ದರೂ 2024ರಲ್ಲಿ ಯುಜು ಎಂಬ ಎಮ್ಯುಲೇಟರ್ ಮಾಡಿದವರು ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲೊಪ್ಪಿ ಕೆಲಸ ನಿಲ್ಲಿಸಿದರು. ಅದು ವಿಚಾರಣೆ ನಡೆದು ಬಂದ ತೀರ್ಪಲ್ಲ, ರಾಜಿ. ಸಾವಿರಾರು ಕೋಟಿಯ ಕಂಪನಿಯೆದುರು ನಿಂತವರ ರಾಜಿ ಎಂಥದ್ದೆಂದು ಹೊಲದ ದಾವೆ ನಡೆಸಿದ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಇನ್ನು ಎರಡನೆಯ ಬಳಕೆ, ಸ್ಟ್ರೀಮಿಂಗ್. ಇಲ್ಲಿ ಆಟ ನಡೆಯುವುದು ಕಂಪನಿಯ ದೂರದ ಕಂಪ್ಯೂಟರಿನಲ್ಲಿ. ನಮ್ಮ ಕೈಗೆ ಬರುವುದು ಅದರ ಚಿತ್ರ ಮಾತ್ರ. ನಾವು ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಚಿತ್ರ ಇಲ್ಲಿಗೆ ಮರಳಬೇಕು. ನಮ್ಮ ಕಚೇರಿಯ ಸಂಪರ್ಕದಲ್ಲಿ ಚಿತ್ರ ಆಗಾಗ ಒದ್ದೆ ಕಾಗದದ ಶಾಯಿಯಂತೆ ಹರಡಿತು. ಆದರೂ ಇದರ ಲಾಭ ದೊಡ್ಡದು. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಲಕ್ಷ ರೂಪಾಯಿಯ ಕಂಪ್ಯೂಟರ್ ಇಲ್ಲದವನೂ ಅದರ ಆಟ ಆಡಬಹುದು. ಒಂದು ಯಂತ್ರವನ್ನು ಹತ್ತು ಜನ ಹಂಚಿಕೊಳ್ಳುವುದು ತಪ್ಪೆಂದು ಹೇಳಲು ಸಮಾಜವಾದಿಗೆ ಬಾಯಿ ಬರುವುದಿಲ್ಲ. ಸರ್ಕಾರಿ ಬಸ್ಸೂ ಅದೇ, ಗ್ರಂಥಾಲಯವೂ ಅದೇ.

ತಕರಾರು ಇರುವುದು ಹಂಚಿಕೆಯಲ್ಲಲ್ಲ, ಧಣಿಯಲ್ಲಿ. ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ಸ್ಟ್ರೀಮಿಂಗ್ ವ್ಯವಸ್ಥೆ ತೆರೆಯಿತು. 2023ರ ಜನವರಿ 18ರಂದು ಮುಚ್ಚಿತು. ಆಟಕ್ಕೆ ಕೊಟ್ಟ ದುಡ್ಡನ್ನು ಹಿಂದಿರುಗಿಸಿದರು, ನಿಜ. ಆದರೆ ಪರಿಹಾರ ಕೊಟ್ಟು ಒಕ್ಕಲೆಬ್ಬಿಸಿದರೂ ಅದು ಒಕ್ಕಲೆಬ್ಬಿಸಿದ್ದೇ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ಪಾಸ್ ಅಲ್ಟಿಮೇಟಿನ ತಿಂಗಳ ಬಾಡಿಗೆಯನ್ನು ಅಮೆರಿಕದಲ್ಲಿ 20 ಡಾಲರಿನಿಂದ 30 ಡಾಲರಿಗೆ ಏರಿಸಿತು. ಅದೇ ತಿಂಗಳು ಆಸುಸ್ ಜೊತೆ ಸೇರಿ ಎಕ್ಸ್‌ಬಾಕ್ಸ್ ಹೆಸರಿನ ಹೊಸ ಹ್ಯಾಂಡ್‌ಹೆಲ್ಡನ್ನೂ ಹೊರತಂದಿತು. ಈ ಏರಿಕೆ ಆಟ ಮಾಡುವ ಕೆಲಸಗಾರರ ಹೊಟ್ಟೆಗೆ ಹೋಯಿತೆಂದುಕೊಳ್ಳಬೇಡಿ. 2024ರ ಜನವರಿಯಲ್ಲಿಯೇ ಅದೇ ಕಂಪನಿ ತನ್ನ ಆಟದ ವಿಭಾಗದಿಂದ 1,900 ಜನರನ್ನು ತೆಗೆದಿತ್ತು. ಕೊಂಡ ಆಟಕ್ಕೂ ಭದ್ರತೆಯಿಲ್ಲ: ಯೂಬಿಸಾಫ್ಟ್ 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದ ಮೇಲೆ, ಹಣ ಕೊಟ್ಟು ತಂದ ಡಿಸ್ಕು ಬರಿಯ ಬಿಲ್ಲೆಯಾಯಿತು.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಗೇಣಿ ಅಳೆಯುವ ಕೊಳಗದ ತಕರಾರಿನಿಂದ. ಉಳುವವನ ಅನ್ನಕ್ಕೂ ಹುಡುಗರ ಆಟಕ್ಕೂ ಹೋಲಿಕೆಯೇ ಎಂದು ಯಾರಾದರೂ ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದೇ. ಎರಡೂ ಒಂದೇ ತೂಕದವಲ್ಲ. ಆದರೆ ಕೊಳಗ ಧಣಿಯ ಕೈಯಲ್ಲೇ ಇರಬೇಕೆಂಬ ಹಟ ಮಾತ್ರ ಒಂದೇ. ಇಂದು ಆಟ, ನಾಳೆ ಪಠ್ಯಪುಸ್ತಕ. ಹಿಂದಿನ ವರ್ಷದ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು ಓದಿದ ಮಕ್ಕಳಿಗೆ ಪಾಠ ಹೇಳಿದವರು ನಾವು. ತಿಂಗಳ ಬಾಡಿಗೆಯ ಪುಸ್ತಕವನ್ನು ಯಾವ ತಮ್ಮನಿಗೆ ದಾಟಿಸಲಾದೀತು?

ಧಣಿಯಿಲ್ಲದ ಸ್ಟ್ರೀಮಿಂಗೂ ಉಂಟು ಎಂಬುದನ್ನು ಆ ಯುವಕನೇ ಹೇಳಿದ. ಮನೆಯಲ್ಲಿರುವ ದೊಡ್ಡ ಕಂಪ್ಯೂಟರಿನಲ್ಲಿ ಸನ್‌ಶೈನ್, ಕೈಯ ಯಂತ್ರದಲ್ಲಿ ಮೂನ್‌ಲೈಟ್ ಎಂಬ ಪ್ರೋಗ್ರಾಂ ಹಾಕಿದರೆ, ಮನೆಯ ವೈಫೈ ಮೇಲೆಯೇ ಆಟ ಕೈಗೆ ಹರಿದು ಬರುತ್ತದೆ. ಎರಡೂ ಉಚಿತ, ಎರಡರ ಕೋಡೂ ತೆರೆದದ್ದು. ಇದೇ ಕೆಲಸಕ್ಕೆ ಎನ್ವಿಡಿಯಾ ಕಂಪನಿ ಗೇಮ್‌ಸ್ಟ್ರೀಮ್ ಎಂಬ ಸೌಲಭ್ಯ ಕೊಟ್ಟಿತ್ತು; 2023ರಲ್ಲಿ ಹಿಂತೆಗೆದುಕೊಂಡಿತು. ಕಂಪನಿ ಕೈಬಿಟ್ಟ ಜಾಗದಲ್ಲಿ ಸ್ವಯಂಸೇವಕರ ಸನ್‌ಶೈನ್ ನಿಂತಿದೆ.

ಬೇರೆ ದೇಶಗಳಲ್ಲಿ ಜನ ಸುಮ್ಮನೆ ಕುಳಿತಿಲ್ಲ. ಮಾರಿದ ಆಟವನ್ನು ಕೊಲ್ಲಬಾರದೆಂಬ ಯೂರೋಪಿನ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು. ಕೊಡುತ್ತಿರುವುದು ಪರವಾನಗಿ ಮಾತ್ರವಾದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು. ನಮ್ಮ ಸಂಸತ್ತೂ 2025ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳ ಕಾಯಿದೆ ಮಾಡಿತು. ಹಣ ಕಟ್ಟುವ ಆಟಗಳನ್ನು ಅದು ನಿಷೇಧಿಸಿತು, ಒಳ್ಳೆಯದೇ. ಕೊಂಡವನ ಆಟ ಉಳಿಯುವ ಬಗ್ಗೆ ಅದರಲ್ಲಿ ಮಾತಿಲ್ಲ.

ನಮ್ಮ ಬೇಡಿಕೆ ಇಷ್ಟು. ಸರ್ವರ್ ಮುಚ್ಚುವ ಕಂಪನಿ, ಆಟವನ್ನು ಕೊಂಡವರು ತಾವೇ ನಡೆಸಿಕೊಳ್ಳುವಂತೆ ಮಾಡಿಕೊಟ್ಟು ಹೋಗಬೇಕು. ಪೇಟೆಯಲ್ಲಿ ಸಿಗದ ಹಳೆಯ ಆಟಗಳನ್ನು ಇಟ್ಟು, ಬಂದವರಿಗೆ ಆಡಲು ಕೊಡುವ ಹಕ್ಕು ಸಾರ್ವಜನಿಕ ಗ್ರಂಥಾಲಯಗಳಿಗೆ ಇರಬೇಕು. ಜಿಲ್ಲಾ ಗ್ರಂಥಾಲಯಕ್ಕೆ ಇದಕ್ಕಾಗಿ 70,000 ರೂಪಾಯಿಯ ಯಂತ್ರ ಬೇಕಿಲ್ಲ. ಹಳೆಯ ಆಟಗಳಿಗೆ ಡಿಸ್ಕ್ ಡ್ರೈವ್ ಇರುವ ಒಂದು ಸಾಧಾರಣ ಕಂಪ್ಯೂಟರ್ ಸಾಕು. 'ದೇಸಿ ಅಡ್ಡಾ'ದ ಡಿಸ್ಕನ್ನು ಕೊಡಲು ಆ ಯುವಕ ಒಪ್ಪಿದ್ದಾನೆ. ಮುಂದಿನ ಜಿಲ್ಲಾ ಸಮಿತಿಯ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸುತ್ತೇವೆ. ಅನುಮೋದಿಸುವುದಾಗಿ, ಚಿನ್ನಿ ಹೊಡೆದ ನಮ್ಮ ಹಿರಿಯ ಮಿತ್ರರು ಮಾತು ಕೊಟ್ಟಿದ್ದಾರೆ.