ಮರದ ತುಂಡಿನ ‘ಸೆಲ್’ ಹಾಕಿ ಕ್ಯಾಮೆರಾ ಫ್ಲ್ಯಾಶನ್ನು ನೇರ ಕರೆಂಟಿಗೆ ಜೋಡಿಸಬಹುದೇ?

‘ಸೆಲ್‌ಗೆ ಇನ್ನು ದುಡ್ಡು ಸುರಿಯಬೇಡಿ, ಫ್ಲ್ಯಾಶನ್ನು ಮನೆಯ ಕರೆಂಟಿನಲ್ಲೇ ಓಡಿಸಿ’ ಎನ್ನುವ ಸಲಹೆ ವಿಡಿಯೊಗಳಾಗಿ ಮೊಬೈಲಿಂದ ಮೊಬೈಲಿಗೆ ಹರಿದಾಡುತ್ತದೆ. ವಿಧಾನ ಹೆಚ್ಚುಕಡಿಮೆ ಒಂದೇ. ಸೆಲ್ ಗಾತ್ರಕ್ಕೆ ಮರದ ಕಡ್ಡಿ ಕತ್ತರಿಸಿ, ಎರಡೂ ತುದಿಗೆ ಸ್ಕ್ರೂ ಬಿಗಿದು, ಅದಕ್ಕೆ ವೈರ್ ಸುತ್ತಿ, ಆ ವೈರನ್ನು ಹಳೆಯ ಚಾರ್ಜರ್‌ಗೋ ಯಾವುದೋ ಸರ್ಕ್ಯೂಟ್ ಬೋರ್ಡ್‌ಗೋ ಜೋಡಿಸುವುದು. ಫ್ಲ್ಯಾಶ್ ಮಿಂಚುತ್ತದೆ, ವಿಡಿಯೊ ಮುಗಿಯುತ್ತದೆ.

ಇದು ಪೂರ್ತಿ ಸುಳ್ಳಲ್ಲ. ಆದರೆ ಹೇಳದೆ ಬಿಟ್ಟ ಅರ್ಧದಲ್ಲಿ ಜೀವಕ್ಕೇ ಅಪಾಯವಿದೆ. ಹೇಗೆ ಎಂಬುದನ್ನು ನೋಡೋಣ.

ಸೆಲ್ ಮಾಡುವ ಮೂರು ಕೆಲಸ

ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್‌ಗಳಲ್ಲಿ ಹೆಚ್ಚಿನವು ನಾಲ್ಕು ಎಎ ಸೆಲ್‌ಗಳಲ್ಲಿ, ಅಂದರೆ ಅಂಗಡಿಯಲ್ಲಿ ನಾವು ಪೆನ್ಸಿಲ್ ಸೆಲ್ ಎಂದು ಕೇಳಿ ಪಡೆಯುವ ಸೆಲ್‌ಗಳಲ್ಲಿ ನಡೆಯುತ್ತವೆ. ಸಾಮಾನ್ಯ ಸೆಲ್ ಒಂದಕ್ಕೆ 1.5 ವೋಲ್ಟ್, ನಾಲ್ಕಕ್ಕೆ 6 ವೋಲ್ಟ್. ರೀಚಾರ್ಜ್ ಮಾಡುವ ಸೆಲ್ ಆದರೆ 1.2ರ ಲೆಕ್ಕದಲ್ಲಿ 4.8 ವೋಲ್ಟ್.

ಕಡಿಮೆ ವೋಲ್ಟೇಜ್ ಕೊಡುವುದು ಸೆಲ್‌ನ ಮೊದಲ ಕೆಲಸ. ಫ್ಲ್ಯಾಶ್ ಕೇಳಿದಾಗ ಒಮ್ಮೆಲೇ ಹಲವು ಆಂಪಿಯರ್ ಕರೆಂಟ್ ಕೊಡುವುದು ಎರಡನೆಯದು. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ: ಸೆಲ್‌ಗೂ ಗೋಡೆಯ ಪ್ಲಗ್‌ಗೂ ಯಾವ ಸಂಬಂಧವೂ ಇಲ್ಲ. ಹಾಗಾಗಿ ಮನೆಯ ಕರೆಂಟು ಫ್ಲ್ಯಾಶ್ ಹಿಡಿದವರ ಕೈವರೆಗೆ ಬರುವ ದಾರಿಯೇ ಇರುವುದಿಲ್ಲ.

ಮರದ ತುಂಡು ನಕಲು ಮಾಡುವುದು ಸೆಲ್‌ನ ಆಕಾರವನ್ನು ಮಾತ್ರ. ಈ ಮೂರು ಕೆಲಸಗಳನ್ನು ಮಾಡಬೇಕಾದ್ದು ಅದರ ಹಿಂದಿರುವ ಸರ್ಕ್ಯೂಟ್.

ಮೀಟರ್ 6 ವೋಲ್ಟ್ ತೋರಿಸಿದರೂ ಶಾಕ್ ಹೇಗೆ?

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಾಗಲಿ, ಸಿರುಗುಪ್ಪದ ಕಲ್ಯಾಣಮಂಟಪವಾಗಲಿ, ಕುರುಗೋಡಿನ ಸ್ಟುಡಿಯೊ ಆಗಲಿ, ಜೆಸ್ಕಾಂ ಲೈನಿನಿಂದ ಪ್ಲಗ್‌ಗೆ ಬರುವುದು 230 ವೋಲ್ಟ್, 50 ಹರ್ಟ್ಜ್ ಎಸಿ ವಿದ್ಯುತ್. ಇದನ್ನು 6 ವೋಲ್ಟ್‌ಗೆ ಇಳಿಸಲು ಎರಡು ದಾರಿಗಳಿವೆ.

ಒಂದು, ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್. ಇದರೊಳಗೆ ಎರಡು ಸುರುಳಿಗಳಿರುತ್ತವೆ. ಒಂದರ ತಂತಿ ಇನ್ನೊಂದಕ್ಕೆ ತಾಗುವುದಿಲ್ಲ. ಶಕ್ತಿ ದಾಟುವುದು ಕಾಂತಕ್ಷೇತ್ರದ ಮೂಲಕ. ಒಳ್ಳೆಯ ಮೊಬೈಲ್ ಚಾರ್ಜರ್‌ನಲ್ಲೂ ಇಂಥ ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ. ಚಾರ್ಜಿಗೆ ಹಾಕಿದ ಫೋನನ್ನು ಮುಟ್ಟಿದರೆ ನಮಗೆ ಏನೂ ಆಗದಿರುವುದು ಇದರಿಂದಲೇ.

ಎರಡು, ಟ್ರಾನ್ಸ್‌ಫಾರ್ಮರ್ ಇಲ್ಲದೆ ಒಂದು ಕೆಪಾಸಿಟರ್ ಮತ್ತು ಕೆಲವು ಡಯೋಡ್‌ಗಳಿಂದ ವೋಲ್ಟೇಜ್ ಇಳಿಸುವ ಅಗ್ಗದ ಸರ್ಕ್ಯೂಟ್. ಪ್ಲಗ್‌ಗೆ ನೇರವಾಗಿ ಚುಚ್ಚಿ ಚಾರ್ಜ್ ಮಾಡುವ ಸೊಳ್ಳೆ ಬ್ಯಾಟ್‌ಗಳಲ್ಲಿ, ಕಡಿಮೆ ಬೆಲೆಯ ಎಲ್‌ಇಡಿ ದೀಪಗಳಲ್ಲಿ ಇದು ಸಾಮಾನ್ಯ. ಪ್ಲಾಸ್ಟಿಕ್ ಕವಚದೊಳಗೆ ಇರುವವರೆಗೆ ಇದರಿಂದ ತೊಂದರೆ ಇಲ್ಲ. ಬಿಚ್ಚಿ ಹೊರತೆಗೆದರೆ ಕಥೆಯೇ ಬೇರೆ.

ಇಂಥ ಬೋರ್ಡ್‌ನ ಎರಡು ಔಟ್‌ಪುಟ್ ವೈರ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ 6 ವೋಲ್ಟ್ ಎಂದೇ ತೋರಿಸಬಹುದು. ಮೀಟರ್ ಸುಳ್ಳು ಹೇಳುತ್ತಿಲ್ಲ; ಅದು ಅಳೆದದ್ದು ಆ ಎರಡು ವೈರ್‌ಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಆದರೆ ಎರಡೂ ವೈರ್‌ಗಳು ಲೈನಿಗೆ ನೇರ ಸಂಪರ್ಕದಲ್ಲಿವೆ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ತಿರುಗಿಸಿದಾಗ ಫೇಸ್ ಇದ್ದ ಕಡೆ ನ್ಯೂಟ್ರಲ್, ನ್ಯೂಟ್ರಲ್ ಇದ್ದ ಕಡೆ ಫೇಸ್ ಬರುತ್ತದೆ. ಆಗ ಆ ‘6 ವೋಲ್ಟ್’ ವೈರ್ ನೆಲಕ್ಕೆ ಹೋಲಿಸಿದರೆ 230 ವೋಲ್ಟ್‌ನಷ್ಟು ಎತ್ತರದಲ್ಲಿರಬಹುದು.

ಫ್ಲ್ಯಾಶ್‌ನ ನೆಗೆಟಿವ್ ಭಾಗ ಅದರ ಕೆಳಗಿನ ಕಾಲಿನ ಮೂಲಕ ಕ್ಯಾಮೆರಾದ ಲೋಹದ ಭಾಗಗಳಿಗೆ ಸೇರಿರುತ್ತದೆ. ಅಂದರೆ ಫೋಟೊಗ್ರಾಫರ್ ಕೈಯಲ್ಲಿ ಹಿಡಿದಿರುವುದೇ ಫೇಸ್ ವೈರ್ ಆದೀತು. ಬಳ್ಳಾರಿಯ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ದಿನ, ಮದುವೆ ಮನೆಯ ಜನಜಂಗುಳಿಯಲ್ಲಿ ಅಂಗೈ ಬೆವರದೆ ಇರುವುದುಂಟೇ? ಒದ್ದೆ ಚರ್ಮದಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ಮನೆಗಳಲ್ಲಿ ಹಾಕಿಸುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವಂತೆ ಇರುವುದು, ಅದಕ್ಕಿಂತ ಹೆಚ್ಚು ದೇಹದಲ್ಲಿ ಹರಿದರೆ ಹೃದಯದ ಲಯ ತಪ್ಪಬಹುದು ಎಂಬ ಕಾರಣಕ್ಕೆ.

ಹಾಗಾದರೆ ಮೊಬೈಲ್ ಚಾರ್ಜರ್ ಹಾಕಬಹುದಲ್ಲ?

ಒಳ್ಳೆಯ ಚಾರ್ಜರ್ ಶಾಕ್‌ನಿಂದ ಕಾಪಾಡೀತು. ಆದರೆ ಫ್ಲ್ಯಾಶ್‌ನ ಹಸಿವಿಗೆ ಅದು ಸಾಲದು. ಒಂದು ಲೆಕ್ಕ ಹಾಕೋಣ. ಫ್ಲ್ಯಾಶ್‌ನ ಒಳಗಿನ ಕೆಪಾಸಿಟರ್ 1,000 ಮೈಕ್ರೊಫ್ಯಾರಡ್‌ನದ್ದು, ಅದು 330 ವೋಲ್ಟ್‌ಗೆ ತುಂಬುತ್ತದೆ ಎಂದುಕೊಳ್ಳಿ. ಆಗ ಅದರಲ್ಲಿ ಸುಮಾರು 54 ಜೂಲ್ ಶಕ್ತಿ ಇರುತ್ತದೆ. ಅದನ್ನು 3 ಸೆಕೆಂಡಿನಲ್ಲಿ ತುಂಬಿಸಲು 18 ವ್ಯಾಟ್ ಬೇಕು. ದಾರಿಯಲ್ಲಿ ಆಗುವ ನಷ್ಟ ಸೇರಿಸಿದರೆ ಸುಮಾರು 30 ವ್ಯಾಟ್, ಅಂದರೆ 5 ವೋಲ್ಟ್‌ನಲ್ಲಿ 6 ಆಂಪಿಯರ್. 5 ವೋಲ್ಟ್, 2 ಆಂಪಿಯರ್ ಎಂದು ಬರೆದಿರುವ ಚಾರ್ಜರ್ ಕೊಡುವುದು 10 ವ್ಯಾಟ್. ಹೀಗಾದಾಗ ಚಾರ್ಜರ್ ತಾನಾಗಿ ಆಫ್ ಆಗುತ್ತದೆ, ಇಲ್ಲವೇ ಕಾದು ಹಾಳಾಗುತ್ತದೆ.

‘ನಮ್ಮದು 67 ವ್ಯಾಟ್ ಫಾಸ್ಟ್ ಚಾರ್ಜರ್’ ಎನ್ನಬಹುದು. ಫೋನ್ ಜೊತೆ ‘ಮಾತುಕತೆ’ ನಡೆದ ಮೇಲಷ್ಟೇ ಅದು ಪೂರ್ಣ ಶಕ್ತಿ ಕೊಡುತ್ತದೆ. ಮರದ ತುಂಡಿಗೆ ಆ ಭಾಷೆ ಬಾರದು. ಹಾಗಾಗಿ ಸಿಗುವುದು ಸಾಧಾರಣ 5 ವೋಲ್ಟ್ ಮಾತ್ರ.

ಇನ್ನೂ ಎರಡು ತಪ್ಪುಗಳು ಆಗುತ್ತಿರುತ್ತವೆ. ನಕಲಿ ಸೆಲ್ ಜೊತೆಗೆ ನಿಜವಾದ ಸೆಲ್‌ಗಳನ್ನೂ ಬೆರೆಸಿ ಅಡಾಪ್ಟರ್ ಜೋಡಿಸಿದರೆ, ಚಾರ್ಜ್ ಮಾಡಬಾರದ ಸೆಲ್‌ಗೆ ಹೊರಗಿನಿಂದ ಕರೆಂಟ್ ನುಗ್ಗಿ ಅದು ಸೋರಬಹುದು, ಒಡೆಯಲೂಬಹುದು. ಎಎ ಗಾತ್ರದಲ್ಲೇ ಸಿಗುವ 14500 ಎಂಬ 3.7 ವೋಲ್ಟ್ ಲಿಥಿಯಂ ಸೆಲ್‌ಗಳನ್ನು ನಾಲ್ಕು ಹಾಕಿದರೆ 6ರ ಬದಲು 14.8 ವೋಲ್ಟ್ ಆಗುತ್ತದೆ. ಫ್ಲ್ಯಾಶ್ ಸುಟ್ಟುಹೋಗಲು ಅಷ್ಟು ಸಾಕು.

ಸೆಲ್ ತೆಗೆದರೂ ಒಳಗೆ 300 ವೋಲ್ಟ್

ಫ್ಲ್ಯಾಶ್‌ಗೆ ಹೋಗುವುದು 6 ವೋಲ್ಟ್ ಆದರೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೇಲ್ಪಟ್ಟು ಸೇರಿರುತ್ತದೆ. ಝೆನಾನ್ ಟ್ಯೂಬನ್ನು ಬೆಳಗಿಸುವ ಕಿಡಿಗೆ ಸಾವಿರಾರು ವೋಲ್ಟ್ ಬೇಕು. ಸ್ವಿಚ್ ಆಫ್ ಮಾಡಿ, ಸೆಲ್ ತೆಗೆದ ಮೇಲೂ ಕೆಪಾಸಿಟರ್ ಬಹಳ ಹೊತ್ತು ತುಂಬಿಯೇ ಇರಬಹುದು. ಆದ್ದರಿಂದ ವೈರ್ ಬೆಸೆಯಲೆಂದು ಫ್ಲ್ಯಾಶನ್ನೇ ಬಿಚ್ಚುವ ವಿಡಿಯೊಗಳು ಇನ್ನೂ ಅಪಾಯಕಾರಿ. ಈ ಶಾಕ್‌ನಿಂದ ಮನೆಯ ಆರ್‌ಸಿಸಿಬಿ ಕೂಡ ಕಾಪಾಡದು, ಏಕೆಂದರೆ ಆ ಕರೆಂಟ್ ಬರುವುದು ಲೈನಿನಿಂದಲ್ಲ, ಕೆಪಾಸಿಟರ್‌ನಿಂದ.

ಹಾಗಾದರೆ ಕರೆಂಟಿನ ಫ್ಲ್ಯಾಶ್ ಇಲ್ಲವೇ ಇಲ್ಲವೇ?

ಖಂಡಿತ ಇದೆ. 1970ರ ದಶಕದಲ್ಲಿ ಹೆಸರು ಮಾಡಿದ ವಿವಿಟಾರ್ 283 ಫ್ಲ್ಯಾಶ್‌ಗೆ ಎಸ್‌ಬಿ-4 ಎಂಬ ಅಡಾಪ್ಟರನ್ನು ಕಂಪನಿಯೇ ಮಾರುತ್ತಿತ್ತು. ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೊಗಳಲ್ಲಿ ಕೊಡೆಯ ಕೆಳಗೆ ಮಿಂಚುವ ದೊಡ್ಡ ಲೈಟುಗಳೂ ನೇರ ಕರೆಂಟಿನವೇ. ಅವನ್ನು ಅದಕ್ಕೆಂದೇ ಇನ್ಸುಲೇಶನ್, ಫ್ಯೂಸ್, ಅರ್ತಿಂಗ್ ಕೊಟ್ಟು ಮಾಡಿರುತ್ತಾರೆ.

ಖರ್ಚು ಉಳಿಸಬೇಕೆಂದರೆ ಹೀಗೆ ಮಾಡಬಹುದು:

• ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್‌ಗಳ ಎರಡು ಸೆಟ್ ಇಟ್ಟುಕೊಳ್ಳಿ. ನೂರಾರು ಸಲ ಚಾರ್ಜ್ ಆಗುವ ಇವು ಫ್ಲ್ಯಾಶ್ ಕೇಳುವಷ್ಟು ಕರೆಂಟನ್ನೂ ಕೊಡುತ್ತವೆ. ವೈರ್ ಎಳೆಯಲಾಗದ ಕುರುಗೋಡು ದೊಡ್ಡಬಸವೇಶ್ವರ ಜಾತ್ರೆಯಂಥ ಕಡೆಗೂ ಇವೇ ಸರಿ.
• ಫ್ಲ್ಯಾಶ್‌ಗೆ ಹೊರಗಿನ ಬ್ಯಾಟರಿಯ ಸಾಕೆಟ್ ಇದ್ದರೆ ಅದೇ ಮಾದರಿಗೆ ಹೊಂದುವ ಪ್ಯಾಕ್ ಕೊಳ್ಳಿ.
• ಸ್ಟುಡಿಯೊದೊಳಗೆ ಕರೆಂಟಿನ ಸ್ಟುಡಿಯೊ ಲೈಟನ್ನೇ, ಮೂರು ಪಿನ್ನಿನ ಅರ್ತಿಂಗ್ ಇರುವ ಪ್ಲಗ್‌ನಲ್ಲಿ ಬಳಸಿ.
• ಚಾರ್ಜರ್ ಕೊಳ್ಳುವಾಗ ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ನೋಡಿ. ಅದು ಅಸಲಿಯೇ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದಕ್ಕೂ ಮೊದಲು ಅವರನ್ನು ಮುಟ್ಟಬೇಡಿ. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

ಫ್ಲ್ಯಾಶನ್ನು ಕರೆಂಟಿನಿಂದ ಓಡಿಸಬಹುದು ಎಂಬುದು ನಿಜ. ಮರದ ತುಂಡು ಮತ್ತು ಕೈಗೆ ಸಿಕ್ಕ ಬೋರ್ಡ್ ಇದ್ದರೆ ಸಾಕು ಎಂಬುದು ತಪ್ಪು. ವಿಡಿಯೊದಲ್ಲಿ ಫ್ಲ್ಯಾಶ್ ಒಮ್ಮೆ ಮಿಂಚಿತೆಂದರೆ ಸರ್ಕ್ಯೂಟ್ ಕೆಲಸ ಮಾಡಿತು ಎಂದಷ್ಟೇ ಅರ್ಥ, ಸುರಕ್ಷಿತ ಎಂದಲ್ಲ. ಆ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ಗೋಡೆಯ ಕರೆಂಟನ್ನು ನನ್ನ ಕೈಯಿಂದ ದೂರ ಇಟ್ಟಿರುವುದು ಏನು?’ ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.