ಕೂಸಿನ ಕವನಕ್ಕ ಕೆಂಪು ಗೆರಿ ಯಾಕ?

ಅಕ್ಕ-ತಂಗೇರೆ, ಸಾಲ್ಯಾಗ ‘ಮಳೆ’ ಮ್ಯಾಲ ಕವನ ಬರ್ಕೊಂಡು ಬಾ ಅಂದ್ರ ಬರ್ಯಾವರು ಯಾರು? ಕೂಸಲ್ಲ, ನಾವು! ಮೊಬೈಲ್‌ನಾಗ ಹುಡುಕಿ ಬರಸ್ತೀವಿ. ಚಿತ್ತಾಪುರದ ಕೂಸು ಕಾಣದ ಕಡಲು ಅದರಾಗ ಇರ್ತದ.

ನಮ್ಮ ಮೂರನೇತ್ತ ಓದೋ ಹುಡುಗಿ ತಾನೇ ಬರದಿದ್ಳು: ‘ಮಳಿ ಬಂತು, ಪರಸಿ ತಣ್ಣಗಾತು, ಅವ್ವ ಅಂಗಳದ ತೊಗರಿ ಒಳಗ ತಂದ್ಳು.’ ಸಾಲ್ಯಾಗ ‘ಮಳಿ’ಗೂ ಕೆಂಪು ಗೆರಿ, ‘ತಣ್ಣಗಾತು’ಕ್ಕೂ ಕೆಂಪು ಗೆರಿ. ನಾನೂ ‘ಸುದ್ದ ಬರೀಬೇಕವ್ವ’ ಅಂದೆ. ಆಮ್ಯಾಲ ಕೂಸು ಕವನ ಬರ್ಯೋದೇ ಬಿಟ್ಟಳು. ತಪ್ಪು ನಂದೂ ಅದ.

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿತ್ತು. 9ನೇ ಶತಮಾನದಾಗ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’, ಓದದಿದ್ರೂ ಕನ್ನಡದ ಜನಕ್ಕ ಕಾವ್ಯ ಬರತದ ಅಂತದ. ಕನ್ನಡ ಒಂದಲ್ಲ, ಹಲವು ಅಂತಾನೂ ಅಂತದ. ಆ ಮಳಖೇಡದ ಸೀಮ್ಯಾಗೇ ‘ಮಳಿ’ ತಪ್ಪೇನು? ನಮ್ಮ ಆಯಿಗೋಳು ಬೀಸೋ ಕಲ್ಲಿನ ಮುಂದ ಪದ ಕಟ್ಟಿದ್ದು ಯಾವ ಪುಸ್ತಕ ನೋಡಿ?

ಪುಸ್ತಕದ ಭಾಷಿ ಬ್ಯಾಡ ಅನ್ನಲ್ಲ. ಪರೀಕ್ಷಾದಾಗ ‘ಮಳೆ’ ಬರೀಲಿ, ಕವನದಾಗ ‘ಮಳಿ’ ಸುರೀಲಿ. ಕೂಸು ಬರ್ಕೊಂಡು ಬಂದ್ರ ಮೊದಲು ಕೂತು ಕೇಳ್ರಿ. ತಿದ್ದೋದು ಆಮ್ಯಾಲಿಂದು.